ಕಾರ್ಲ್ಸ್‌ರೂಹೆಯಲ್ಲಿ ಹಂಚಿದ ಪಾಠ

ವಿಶ್ವವಿದ್ಯಾನಿಲಯವಿರುವ ಊರಿನಲ್ಲಿ ದೊಡ್ಡ ವಿಜ್ಞಾನ ಸಮ್ಮೇಳನವೊಂದು ಮುಗಿದಾಗ ಜನ ಕೇಳುವುದು ಒಂದೇ ಪ್ರಶ್ನೆ: ‘ಕೊನೆಗೆ ಏನು ತೀರ್ಮಾನವಾಯಿತು?’ ಯಾವ ತೀರ್ಮಾನವೂ ಆಗದೆ ಚದುರಿದ ಒಂದು ಸಮ್ಮೇಳನದ ಕಥೆಯನ್ನು ನಾನು ರಸಾಯನಶಾಸ್ತ್ರದ ಪಾಠ ಆರಂಭಿಸುವಾಗ ಮಕ್ಕಳಿಗೆ ಹೇಳುವುದುಂಟು.

ಅದು ನಡೆದದ್ದು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ, 1860ರ ಸೆಪ್ಟೆಂಬರ್ 3ರಿಂದ 5ರವರೆಗೆ. ಆಗ ಬಾಡೆನ್ ಸಂಸ್ಥಾನದ ರಾಜಧಾನಿಯಾಗಿದ್ದ ಆ ಊರಿನಲ್ಲಿ 1825ರಲ್ಲೇ ಪಾಲಿಟೆಕ್ನಿಕ್ ಆರಂಭವಾಗಿತ್ತು. ಅಲ್ಲಿನ ಪ್ರಾಧ್ಯಾಪಕ ವೆಲ್ಟ್‌ಸಿಯನ್, ಜರ್ಮನಿಯ ಕೆಕುಲೆ ಮತ್ತು ಪ್ಯಾರಿಸ್ಸಿನ ವುರ್ಟ್ಸ್ ಈ ಮೂವರು ಕರೆ ಕೊಟ್ಟರು. 120ಕ್ಕೂ ಹೆಚ್ಚು ವಿಜ್ಞಾನಿಗಳು ಬಂದರು. ರಸಾಯನಶಾಸ್ತ್ರಕ್ಕೆ ಅದೇ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ.

ಕರೆಯಲು ಕಾರಣವಿತ್ತು. ನೀರಿನ ಸೂತ್ರ ಎಚ್‌ಟುಓ ಎಂದು ಇಂದು ಪುಟ್ಟ ಮಕ್ಕಳೂ ಹೇಳುತ್ತಾರೆ. ಅಂದು ಕೆಲವರು ಅದನ್ನು ಎಚ್‌ಓ ಎಂದೇ ಬರೆಯುತ್ತಿದ್ದರು. ಅಸಿಟಿಕ್ ಆಮ್ಲಕ್ಕಂತೂ ಬಳಕೆಯಲ್ಲಿದ್ದ 19 ಬಗೆಯ ಸೂತ್ರಗಳನ್ನು ಕೆಕುಲೆಯವರು ತಮ್ಮ ಪಠ್ಯಪುಸ್ತಕದಲ್ಲಿ ಪಟ್ಟಿ ಮಾಡಿದ್ದರು.

ಗೊಂದಲದ ಮೂಲ ಹೀಗಿತ್ತು. ಒಂದು ಗ್ರಾಂ ಜಲಜನಕ ಸುಮಾರು ಎಂಟು ಗ್ರಾಂ ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ. ಒಂದಕ್ಕೆ ಒಂದು ಪರಮಾಣು ಸೇರಿದೆ ಎಂದರೆ ಆಮ್ಲಜನಕದ ಪರಮಾಣು ತೂಕ 8. ಜಲಜನಕದ ಎರಡು ಪರಮಾಣುಗಳು ಸೇರಿವೆ ಎಂದರೆ 16. ಯಾವುದು ಸರಿ? ತಕ್ಕಡಿಯೊಂದೇ ಇದನ್ನು ಹೇಳಲಾರದು.

ಉತ್ತರದ ದಾರಿಯನ್ನು ಇಟಲಿಯ ಅವೊಗಾಡ್ರೊ 1811ರಲ್ಲೇ ತೋರಿಸಿದ್ದರು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ. ನೀರನ್ನು ಒಡೆದರೆ ಜಲಜನಕ ಎರಡು ಪಾಲು, ಆಮ್ಲಜನಕ ಒಂದು ಪಾಲು ಬರುತ್ತದೆ. ಎರಡೂ ಅನಿಲಗಳ ಅಣುವಿನಲ್ಲಿ ಎರಡೆರಡು ಪರಮಾಣುಗಳಿವೆ ಎಂದುಕೊಂಡರೆ ಲೆಕ್ಕ ತಾನಾಗಿ ಕೂಡುತ್ತದೆ. ಆದರೆ ಒಂದೇ ಜಾತಿಯ ಪರಮಾಣುಗಳು ಪರಸ್ಪರ ಕೂಡಲಾರವೆಂದು ಅಂದಿನ ದೊಡ್ಡವರು ನಂಬಿದ್ದರು. ಮಾತು ಮೂಲೆಗೆ ಬಿತ್ತು. 1856ರಲ್ಲಿ ಅವೊಗಾಡ್ರೊ ತೀರಿಕೊಂಡರು.

ಅದನ್ನು ಎತ್ತಿಕೊಂಡವರು ಜಿನೋವಾದಲ್ಲಿ ಪಾಠ ಹೇಳುತ್ತಿದ್ದ ಕ್ಯಾನಿಜಾರೊ. ತಮ್ಮ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಹಂತಹಂತವಾಗಿ ಹೇಗೆ ಕಲಿಸುತ್ತೇನೆಂಬುದನ್ನು ಅವರು 1858ರಲ್ಲಿ ಬರೆದು ಪ್ರಕಟಿಸಿದ್ದರು. ಕಾರ್ಲ್ಸ್‌ರೂಹೆಯಲ್ಲಿ ಕೊನೆಯ ದಿನ ಅವರು ಆವೇಶದಿಂದ ಮಾತಾಡಿದರು. ಸಭೆ ಒಪ್ಪಲಿಲ್ಲ, ಒಮ್ಮತ ಮೂಡಲಿಲ್ಲ. ಇಂಥ ವಿಷಯವನ್ನು ಕೈ ಎತ್ತಿಸಿ ನಿರ್ಧರಿಸುವುದಾದರೂ ಹೇಗೆ? ಹೊರಡುವ ಹೊತ್ತಿಗೆ ಕ್ಯಾನಿಜಾರೊ ಅವರ ಗೆಳೆಯ ಪಾವೇಸಿ ಆ ಪಾಠದ ಪುಸ್ತಿಕೆಯ ಪ್ರತಿಗಳನ್ನು ಹಂಚಿದರು.

ಒಂದು ಪ್ರತಿ ಮೂವತ್ತು ವರ್ಷದ ಲೋಥರ್ ಮೆಯರ್ ಅವರ ಜೇಬು ಸೇರಿತು. ಅವರು ಅದನ್ನು ದಾರಿಯಲ್ಲಿ ಓದಿದರು, ಮನೆಯಲ್ಲಿ ಮತ್ತೆ ಮತ್ತೆ ಓದಿದರು. 1864ರಲ್ಲಿ ಆ ತಳಹದಿಯ ಮೇಲೆ ಪುಸ್ತಕ ಬರೆದರು. ಸಭೆಯಲ್ಲಿ ಇಪ್ಪತ್ತಾರು ವರ್ಷದ ರಷ್ಯನ್ ತರುಣನೊಬ್ಬನೂ ಇದ್ದ. ಅವನೇ ಮೆಂಡಲೀವ್. ಸರಿಯಾದ ಪರಮಾಣು ತೂಕಗಳು ಕೈಯಲ್ಲಿದ್ದುದರಿಂದಲೇ 1869ರಲ್ಲಿ ಅವರ ಆವರ್ತ ಕೋಷ್ಟಕ ಸಾಧ್ಯವಾಯಿತು. 8 ಮತ್ತು 16, 6 ಮತ್ತು 12 ಬೆರೆತುಹೋಗಿದ್ದರೆ ಆ ಸಾಲುಗಳು ಕೂಡುತ್ತಲೇ ಇರಲಿಲ್ಲ.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಆ ಪುಸ್ತಿಕೆ. ಅದು ಹೊಸ ಸಂಶೋಧನೆಯ ಪ್ರಬಂಧವಲ್ಲ. ಒಬ್ಬ ಮೇಷ್ಟರ ಪಾಠದ ಕ್ರಮ. ಇದೇ ಉತ್ತರ, ಬರೆದುಕೊಳ್ಳಿ ಎಂದು ಅದು ಹೇಳಲಿಲ್ಲ. ಉತ್ತರಕ್ಕೆ ಹೇಗೆ ಬಂದೆವು ಎಂಬ ದಾರಿಯನ್ನು ತೋರಿಸಿತು. ಸಭೆಯಲ್ಲಿ ಒಪ್ಪದವರೂ ಮನೆಯಲ್ಲಿ ಕೂತು ಆ ದಾರಿಯಲ್ಲಿ ನಡೆದು ನೋಡಬಹುದಿತ್ತು.

ನಮ್ಮ ತರಗತಿಗಳಲ್ಲಿ ಈಗ ಕೇಳಿಬರುವುದು ಇನ್ನೊಂದು ಮಾತು: ‘ಸಾರ್, ಯಾವುದು ಸರಿ ಅಂತ ಹೇಳಿಬಿಡಿ, ಬರ್ಕೋತೀವಿ.’ ಪರೀಕ್ಷೆಯ ಭಯ ಅವರಿಂದ ಹಾಗೆ ಹೇಳಿಸುತ್ತದೆ. ಮಕ್ಕಳನ್ನು ದೂರಿ ಫಲವಿಲ್ಲ. ಆದರೆ ತಂದೆ-ತಾಯಿಗಳಲ್ಲಿ ನನ್ನದೊಂದು ವಿನಂತಿ. ಸಂಜೆ ಮಗು ಪುಸ್ತಕ ಹಿಡಿದು ಕೂತಾಗ ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ನೀರು ಎಚ್‌ಟುಓ ಅಂತ ಹೇಗೆ ಗೊತ್ತಾಯಿತು ಎಂದು ಕೇಳಿ. ಉತ್ತರ ನಿಮಗೆ ಗೊತ್ತಿರಬೇಕಾಗಿಲ್ಲ. ಮಗು ಅದನ್ನು ವಿವರಿಸಲು ಹೊರಟರೆ ಸಾಕು.