ಬೀರುವಿನಲ್ಲಿದ್ದ ಗ್ರಾಫ್ ಹಾಳೆಗಳು

ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದ ವರ್ಷ ನಮ್ಮ ಮನೆಯ ಜಗಳಗಳಿಗೆಲ್ಲ ಮೂಲ ಗ್ರಾಫ್ ಹಾಳೆ. ಗಣಿತಕ್ಕೆಂದು ತಂದುಕೊಟ್ಟ ಹಾಳೆಗಳ ತುಂಬ ಮೋಟಾರ್‌ಸೈಕಲ್ಲು, ವಿಮಾನ, ಉದ್ದ ಮೂಗಿನ ಮನುಷ್ಯರು! "ಲೆಕ್ಕದ ಹಾಳೆಯಲ್ಲಿ ಗೊಂಬೆ ಬರೀತೀಯಲ್ಲೇ" ಎಂದು ಗದರಿ, ಇಡೀ ಕಟ್ಟನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ್ದೆ. ಮುಂದೆ ಇಂಜಿನಿಯರಿಂಗ್ ಎಂದು ನಾನು ತೀರ್ಮಾನಿಸಿಯಾಗಿತ್ತು. ಅವಳನ್ನು ಕೇಳಿರಲಿಲ್ಲ.

ಪರೀಕ್ಷೆ ಮುಗಿದ ಸಂಜೆ ಅವಳು 'ಟ್ರಾನ್' ಎಂಬ ಹಳೆಯ ಇಂಗ್ಲಿಷ್ ಚಿತ್ರ ಹಾಕಿದಳು. ಸ್ಟೀವನ್ ಲಿಸ್‌ಬರ್ಗರ್ ನಿರ್ದೇಶಿಸಿ, 1982ರಲ್ಲಿ ಡಿಸ್ನಿ ಸಂಸ್ಥೆಯಿಂದ ಬಂದದ್ದು. ವಿಡಿಯೋ ಆಟಗಳನ್ನು ಬರೆದ ಫ್ಲಿನ್ ಎಂಬವನನ್ನು ಲೇಸರ್ ಕಿರಣವೊಂದು ಕಂಪ್ಯೂಟರಿನೊಳಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿ ಪ್ರೋಗ್ರಾಮುಗಳೇ ಪ್ರಜೆಗಳು. ಅವನ್ನು ಬರೆದವರ ಮುಖವೇ ಅವಕ್ಕೂ. ಬೆಳಕಿನ ಬೈಕುಗಳು ತಮ್ಮ ಹಿಂದೆ ಗೋಡೆ ಎಬ್ಬಿಸುತ್ತ ಓಡುವ ಪಂದ್ಯ ಬಂದಾಗ ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು.

ಆದರೂ ಬಿಗುಮಾನ ನೋಡಿ! "ಎಲ್ಲ ಕಂಪ್ಯೂಟರೇ ಮಾಡಿದ್ದು, ಇದರಲ್ಲೇನು ಕಷ್ಟ?" ಎಂದೆ. ಮಗಳು ನಕ್ಕಳು. ಪೂರ್ತಿಯಾಗಿ ಕಂಪ್ಯೂಟರಿನಿಂದ ಬಂದದ್ದು ಹದಿನೈದಿಪ್ಪತ್ತು ನಿಮಿಷವಂತೆ. ಆ ಲೋಕದ ಉಳಿದ ದೃಶ್ಯಗಳು ನಟರನ್ನು ಕಪ್ಪು ಸೆಟ್ಟಿನಲ್ಲಿ, ಕಪ್ಪು-ಬಿಳುಪು ಫಿಲ್ಮಿನಲ್ಲಿ ಹಿಡಿದು, ಒಂದೊಂದು ಫ್ರೇಮಿಗೂ ಹಿಂದಿನಿಂದ ಬಣ್ಣದ ಬೆಳಕು ಹಾಯಿಸಿದ ಕೈಕೆಲಸ. ಬೈಕಿನದೂ ಸುಲಭವಲ್ಲ. ಪ್ರತಿ ಫ್ರೇಮಿನಲ್ಲೂ ಅದು ಎಲ್ಲಿದೆ ಎನ್ನಲು ಮೂರು ಅಂಕಿ, ಯಾವ ಕಡೆ ತಿರುಗಿದೆ, ವಾಲಿದೆ ಎನ್ನಲು ಇನ್ನು ಮೂರು. ಸೆಕೆಂಡಿಗೆ 24 ಫ್ರೇಮು. "ನಾಲ್ಕು ಸೆಕೆಂಡಿಗೆ ಎಷ್ಟಾಯ್ತಪ್ಪ?" ಎಂದಳು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂಡಿಸಿ ಕಳೆದವನು ನಾನು. ಬಾಯಿಲೆಕ್ಕದಲ್ಲೇ ಹೇಳಿದೆ: 576. ಒಂದೇ ಒಂದು ಬೈಕಿಗೆ! ಚಿತ್ರ ಬರೆಯುವವರೇ ಈ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಡಬೇಕಿತ್ತಂತೆ.

ನನಗೆ ಬೀರು ನೆನಪಾಯಿತು.

ಪ್ರೋಗ್ರಾಮುಗಳು ತಮ್ಮನ್ನು ಬರೆದ 'ಯೂಸರ್'ಗಳನ್ನು ದೇವರಂತೆ ನಂಬಿವೆ. ಫ್ಲಿನ್ನನೇ ಒಬ್ಬ ಯೂಸರ್ ಎಂದು ಗೊತ್ತಾದಾಗ, ಇವನು ಮಾಡಿದ್ದಕ್ಕೆಲ್ಲ ಯಾವುದೋ ದೊಡ್ಡ ಯೋಜನೆ ಇದ್ದೀತು ಎಂದುಕೊಳ್ಳುತ್ತವೆ. ಅವನೋ, ಹಾಗೇನಿಲ್ಲ, ಹೊರಗೆ ನಾವೂ ಮಾಡಬೇಕು ಎನಿಸಿದ್ದನ್ನು ಮಾಡುತ್ತ ಹೋಗುವವರೇ ಎಂಬರ್ಥದಲ್ಲಿ ಮಾತಾಡುತ್ತಾನೆ.

ಮಗಳು ಟಿವಿ ಬಿಟ್ಟು ನನ್ನ ಕಡೆ ತಿರುಗಿದಳು. "ಇಂಜಿನಿಯರಿಂಗೇ ಆಗ್ಬೇಕು ಅಂತ ಯಾಕೆ ಹೇಳಿದ್ದು ಅಪ್ಪ?"

ಪಕ್ಕದ ಮನೆಯ ಹುಡುಗ ಸೇರಿದ್ದ. ನನ್ನ ತಮ್ಮನೂ ಅದೇ ಒಳ್ಳೆಯದೆಂದಿದ್ದ. ಅದಕ್ಕಿಂತ ದೊಡ್ಡ ಕಾರಣ ನನ್ನಲ್ಲಿರಲಿಲ್ಲ. ಹಾಗೆಂದೇ ಹೇಳಿದೆ. ಕೋಪ ಮಾಡಿಕೊಂಡಾಳು ಎಂದುಕೊಂಡಿದ್ದೆ.

"ಹಾಗಿದ್ರೆ ಬೀರುವಿನ ಬೀಗದ ಕೈ ಕೊಡಪ್ಪ" ಎಂದಳು.