ಅಂಕಿತವಿಲ್ಲದ ಹಾಡು

13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತ ರತ್ನಾಕರ’ದಲ್ಲಿ ‘ಶಾರೀರ’ ಎಂಬ ಪದಕ್ಕೆ ಕೊಡುವ ವಿವರಣೆ ಚಿಕ್ಕದಾದರೂ ಚೊಕ್ಕವಾಗಿದೆ. ಅಭ್ಯಾಸದ ಹಂಗಿಲ್ಲದೆಯೂ ರಾಗದ ಸ್ವರೂಪವನ್ನು ಹೊರಗೆಡಹುವ ಸಹಜ ಶಕ್ತಿ ಯಾವ ದನಿಗಿದೆಯೋ ಅದು ಶಾರೀರ. ಶರೀರದೊಡನೆಯೇ ಹುಟ್ಟಿಬರುವುದರಿಂದ ಅದಕ್ಕೆ ಆ ಹೆಸರು. ಒಡಹುಟ್ಟಿದ್ದು ಒಡನೆಯೇ ಅಳಿಯುತ್ತದೆ ಎಂಬುದನ್ನು ಅವನು ಬೇರೆಯಾಗಿ ಬರೆಯಬೇಕಾಗಿರಲಿಲ್ಲ, ಏಕೆಂದರೆ ಅವನ ಕಾಲದಲ್ಲಿ ಆ ಮಾತಿಗೆ ಅಪವಾದವೇ ಇರಲಿಲ್ಲ. ಗ್ರಾಮೊಫೋನ್ ತಟ್ಟೆ ಬಂದ ಮೇಲೆ ಗಾಯಕ ತೀರಿಕೊಂಡರೂ ದನಿ ಉಳಿಯುವುದು ಸಾಧ್ಯವಾಯಿತು. ಚಲನಚಿತ್ರವಾದರೋ ಅಲ್ಲಿಗೂ ನಿಲ್ಲದೆ, ಗಾಯಕ ಬದುಕಿರುವಾಗಲೇ ಅವನ ಶಾರೀರವನ್ನು ಕಡ ತಂದು ಮತ್ತೊಬ್ಬನ ಶರೀರಕ್ಕೆ ತೊಡಿಸಿತು. ಮೊದಲೇ ಧ್ವನಿಮುದ್ರಿಸಿಟ್ಟ ಒಬ್ಬರ ಹಾಡಿಗೆ ತೆರೆಯ ಮೇಲೆ ಇನ್ನೊಬ್ಬರು ತುಟಿ ಆಡಿಸುವ ಈ ಏರ್ಪಾಡಿಗೆ ಹಿನ್ನೆಲೆ ಗಾಯನ ಎಂದು ಹೆಸರು. ಹೀಗೆ ಬದುಕಿದ್ದಾಗಲೇ ದೇಹದಿಂದ ಬೇರ್ಪಟ್ಟ ದನಿಯ ಒಡೆಯ ಒಂದು ದಿನ ತೀರಿಕೊಂಡಾಗ, ಕೇಳುಗ ಅಳಬೇಕಾದದ್ದು ಯಾವುದಕ್ಕೆ ಎಂಬ ಪ್ರಶ್ನೆ ತೋರಿಕೆಯಷ್ಟು ಸರಳವಾದದ್ದಲ್ಲ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಮುಖಾಮುಖಿಯಾಗಿಸುವವರು ಪಿ.ಬಿ. ಶ್ರೀನಿವಾಸ್. 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದ, ಮನೆಮಾತು ತೆಲುಗಾಗಿದ್ದ ಈ ಗಾಯಕರು 1960ರ ‘ಭಕ್ತ ಕನಕದಾಸ’ದ ಹೊತ್ತಿಗೆ ನಟ ರಾಜ್‌ಕುಮಾರ್ ಅವರ ದನಿಯಾಗಿ ನೆಲೆಗೊಂಡರು. ಅವರ ಕಂಠದಲ್ಲಿ ಬಲಪ್ರದರ್ಶನವಿರಲಿಲ್ಲ. ಮಂದ್ರಕ್ಕೆ, ಎಂದರೆ ಕೆಳಗಿನ ಸ್ಥಾಯಿಗೆ, ಇಳಿದಷ್ಟೂ ಅದು ತುಂಬಿಕೊಳ್ಳುತ್ತಿತ್ತು, ಮೈಕಿನ ಹತ್ತಿರ ನಿಂತು ಪಕ್ಕದವರೊಡನೆ ಮಾತಾಡುವಂತೆ ಹಾಡುವ ಆ ರೀತಿಯಲ್ಲಿ ಪದದ ಕೊನೆಯ ಅಕ್ಷರವೂ ಸವೆಯದೆ ಕೇಳುಗನನ್ನು ಮುಟ್ಟುತ್ತಿತ್ತು. ತಾವು ಶರೀರ, ಶ್ರೀನಿವಾಸ್ ತಮ್ಮ ಶಾರೀರ ಎಂದು ರಾಜ್‌ಕುಮಾರ್ ಹೇಳುತ್ತಿದ್ದರೆಂಬ ಮಾತು ಚಿತ್ರರಸಿಕರ ನಡುವೆ ಗಾದೆಯಂತೆ ಓಡಾಡುತ್ತದೆ. ಶಾರ್ಙ್ಗದೇವನ ಸೂತ್ರವನ್ನು ಅದರ ಪದಗಳಲ್ಲೇ ತಲೆಕೆಳಗು ಮಾಡುವ ಮಾತು ಇದು.

1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತಕ್ಕೆ ರಾಜ್‌ಕುಮಾರ್ ತಾವೇ ಹಾಡಿ, ಆ ಹಾಡು ನಾಡೆಲ್ಲ ಹರಡಿದ ಮೇಲೆ, ಶರೀರ ತನ್ನ ಶಾರೀರವನ್ನು ತಾನೇ ಕಂಡುಕೊಂಡಂತಾಯಿತು. 1992ರ ‘ಜೀವನ ಚೈತ್ರ’ದ ಗಾಯನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಅತ್ತ ಶ್ರೀನಿವಾಸ್ ಅವರಿಗೆ ಕನ್ನಡದಲ್ಲಿ ಅವಕಾಶಗಳು ಕ್ರಮೇಣ ವಿರಳವಾದವು. ಜರಿಯ ಪೇಟ ತೊಟ್ಟು, ಜೇಬಿನ ತುಂಬ ಪೆನ್ನುಗಳನ್ನು ಸಿಕ್ಕಿಸಿಕೊಂಡು, ಮದರಾಸಿನ ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್‌-ಇನ್ ಹೋಟೆಲಿನಲ್ಲಿ ಕಾಫಿಯ ಮುಂದೆ ಕುಳಿತು ಎಂಟು ಭಾಷೆಗಳಲ್ಲಿ ಪದ್ಯ ಬರೆಯುತ್ತಿದ್ದ ವೃದ್ಧರ ಚಿತ್ರ ಆ ಊರಿನ ಅನೇಕರಿಗೆ ಪರಿಚಿತವಾಗಿತ್ತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಇಂಗ್ಲಿಷಿನಲ್ಲಿ ಹಾಡು ಬರೆದು, ಹಾಡಿ, ಆ ಧ್ವನಿಮುದ್ರಿಕೆಯನ್ನು ಅಮೆರಿಕದ ಅಧ್ಯಕ್ಷರಿಗೂ ಆರ್ಮ್‌ಸ್ಟ್ರಾಂಗ್ ಅವರಿಗೂ ಕಳುಹಿಸಿದ ಉತ್ಸಾಹ ಆ ಮನುಷ್ಯನದು. ಹೋಟೆಲು 2008ರಲ್ಲಿ ಮುಚ್ಚಿತು. ಈಗ ಅಲ್ಲಿ ಉದ್ಯಾನವಿದೆ.

ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ನಿಧನರಾದರು, ಶ್ರೀನಿವಾಸ್ 2013ರ ಏಪ್ರಿಲ್ 14ರಂದು. ಶರೀರ ಹೋದ ಮೇಲೆ ಶಾರೀರ ಏಳು ವರ್ಷ ಉಸಿರಾಡಿಕೊಂಡಿತ್ತು ಎಂಬ ಈ ವಿಚಿತ್ರ ಸ್ಥಿತಿ ಕನ್ನಡದಲ್ಲಿ ಮತ್ತೊಮ್ಮೆಯೂ ಮರುಕಳಿಸಿತು. ವಿಷ್ಣುವರ್ಧನ್ ಅವರ ಎಷ್ಟೋ ಹಾಡುಗಳ ದನಿಯಾಗಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ನಟ ತೀರಿಕೊಂಡ 2009ರಿಂದ ತಾವು ತೀರಿಕೊಂಡ 2020ರವರೆಗೆ, ಹತ್ತು ವರ್ಷಕ್ಕೂ ಮಿಕ್ಕಿ, ಅವೇ ಹಾಡುಗಳನ್ನು ವೇದಿಕೆಗಳಲ್ಲಿ ಹಾಡುತ್ತಿದ್ದರು. ಸಭಿಕರು ಕಣ್ಣೊರೆಸಿಕೊಳ್ಳುತ್ತಿದ್ದುದು ಎದುರಿಗೆ ನಿಂತವರನ್ನು ನೋಡಿಯೋ, ಎದುರಿಗಿಲ್ಲದವರನ್ನು ನೆನೆದೋ ಎಂಬುದನ್ನು ಅವರೇ ಬಿಡಿಸಿ ಹೇಳಲಾರದೆ ಹೋದಾರು.

ಈ ಗೊಂದಲದ ಬೇರು ಹಾಡಿನ ರಚನೆಯಲ್ಲೇ ಇದೆ. ವಚನಕ್ಕೂ ಕೀರ್ತನೆಗೂ ಅಂಕಿತವೆಂಬುದೊಂದು ಇರುತ್ತದೆ, ಎಂದರೆ ರಚನೆಯ ಕೊನೆಯಲ್ಲಿ ಬರುವ ಮುದ್ರೆಯ ಮಾತು. ಅದು ಸಾಮಾನ್ಯವಾಗಿ ರಚಿಸಿದವನ ಹೆಸರಲ್ಲ, ಅವನ ದೈವದ ಹೆಸರು; ಆದರೂ ಕಾಗಿನೆಲೆಯ ಆದಿಕೇಶವ ಎಂದು ಕಿವಿಗೆ ಬಿದ್ದೊಡನೆ ಇದು ಕನಕದಾಸರದು ಎಂದು ಅಕ್ಷರ ಬಾರದವರೂ ತಿಳಿಯುತ್ತಾರೆ. ಹಾಡಿದವರು ಯಾರೇ ಆಗಲಿ, ಧಾಟಿ ಎಷ್ಟು ಬದಲಾಗಲಿ, ಒಡೆತನ ಹಾಡಿನೊಳಗೇ ಭದ್ರವಾಗಿರುತ್ತದೆ. ಚಿತ್ರಗೀತೆಗೆ ಅಂಥ ಕಾವಲಿಲ್ಲ. ಬರೆದವರೊಬ್ಬರು, ರಾಗ ಕೂಡಿಸಿದವರೊಬ್ಬರು, ಹಾಡಿದವರೊಬ್ಬರು, ತುಟಿ ಆಡಿಸಿದವರೊಬ್ಬರು. ಇಷ್ಟು ಜನರಲ್ಲಿ ಕೇಳುಗ ತಿಳಿಯುವುದು ಕೊನೆಯವರನ್ನು ಮಾತ್ರ. 1949ರ ‘ಮಹಲ್’ ಚಿತ್ರದ ಧ್ವನಿಮುದ್ರಿಕೆಯ ಮೇಲೆ ಗಾಯಕಿ ಲತಾ ಮಂಗೇಶ್ಕರ್ ಅವರ ಹೆಸರಿನ ಬದಲು ಕಥೆಯ ಪಾತ್ರವಾದ ಕಾಮಿನಿಯ ಹೆಸರೇ ಅಚ್ಚಾಗಿತ್ತೆಂಬುದು ಈಗ ನಗು ತರಿಸಬಹುದು. ಆದರೆ ಇಂದಿಗೂ ರಾಜ್‌ಕುಮಾರ್ ಅವರನ್ನು ನೆನೆದು ‘ಅಣ್ಣಾವ್ರ ಹಾಡು’ ಎಂದು ಕೋರಿಕೆ ಬರುವಾಗ ಅದು 1974ರ ಹಿಂದಿನ ಹಾಡೋ ಮುಂದಿನದೋ ಎಂದು ವಿಚಾರಿಸುವವರು ಕಡಿಮೆ. ಬಾನುಲಿಯ ಉದ್ಘೋಷಕರು ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ನಾಲ್ಕೂ ಹೆಸರುಗಳನ್ನು ಸಾವಧಾನವಾಗಿ ಓದುತ್ತಿದ್ದ ಕಾಲದಲ್ಲಿ ಆ ಓದೇ ಹಾಡಿನ ಅಂಕಿತವಾಗಿತ್ತು. ಅದು ತಪ್ಪಿದ ಮೇಲೆ ಉಳಿದ ಗುರುತು ದನಿಯೊಂದೇ.

ದನಿಯೇ ಅಂಕಿತವಾದಾಗ ದನಿಯಿಲ್ಲದವರ ಗತಿ ಕಠಿಣ. ಮೈಸೂರಿನ ಸೋದರರಾದ ರಾಜನ್ ಮತ್ತು ನಾಗೇಂದ್ರ ‘ಗಂಧದ ಗುಡಿ’, ‘ಎರಡು ಕನಸು’, ‘ಬಯಲು ದಾರಿ’ ಚಿತ್ರಗಳಿಗೆ ಕೂಡಿಸಿದ ರಾಗಗಳು ಕನ್ನಡಿಗರ ಸ್ನಾನದ ಮನೆಗಳಲ್ಲಿ ದಿನವೂ ಗುನುಗುನಿಸಲ್ಪಡುತ್ತವೆ. ನಾಗೇಂದ್ರ 2000ದಲ್ಲಿ ತೀರಿಕೊಂಡಿದ್ದರು. ರಾಜನ್ 2020ರ ಅಕ್ಟೋಬರ್ 11ರಂದು, ಬಾಲಸುಬ್ರಹ್ಮಣ್ಯಂ ಅವರ ಸಾವಿನಿಂದ ಕೇವಲ 16 ದಿನಗಳ ಅಂತರದಲ್ಲಿ, ಇನ್ನೂ ಆ ದುಃಖದಲ್ಲೇ ಮುಳುಗಿದ್ದ ನಾಡಿನಲ್ಲಿ ಕಣ್ಣು ಮುಚ್ಚಿದರು. ಆ 16 ದಿನಗಳಲ್ಲಿ ಗಾಯಕರ ಸ್ಮರಣೆಗೆಂದು ಕೇಳಿಬಂದ ಕನ್ನಡ ಹಾಡುಗಳಲ್ಲಿ ಬಹಳಷ್ಟು ರಾಜನ್ ಅವರವೇ. ಇಂಥದೇ ಒಂದು ನೆರಳು 2009ರ ಡಿಸೆಂಬರಿನಲ್ಲೂ ಬಿದ್ದಿತ್ತು, ಗಾಯಕ, ಸಂಗೀತ ಸಂಯೋಜಕ ಸಿ. ಅಶ್ವತ್ಥ್ ತಮ್ಮ 70ನೆಯ ಹುಟ್ಟುಹಬ್ಬದ ದಿನವಾದ 29ರಂದು ತೀರಿಕೊಂಡರೆ, ಮರುದಿನ ಬೆಳಗಾಗುವಷ್ಟರಲ್ಲಿ ವಿಷ್ಣುವರ್ಧನ್ ನಿಧನದ ಸುದ್ದಿ ಬಂದು ಪತ್ರಿಕೆಗಳ ಮುಖಪುಟಗಳೂ ಬೀದಿಯ ಫ್ಲೆಕ್ಸ್‌ಗಳೂ ಆ ಕಡೆ ತಿರುಗಿದವು. ಸಾವಿನ ಮನೆಯಲ್ಲಿಯೂ ತಾರಾಪಟ್ಟದ ಮೇಲು ಕೀಳು ತಪ್ಪಲಿಲ್ಲ. ಯಾರೇ ಹೋಗಲಿ ‘ತುಂಬಲಾರದ ನಷ್ಟ’ ಎಂಬ ಹೇಳಿಕೆಯಂತೂ ಸಿದ್ಧವಿರುತ್ತದೆ. ಆದರೆ ದಶಕಗಳ ಕಾಲ ಮೈಕಿನ ಮುಂದೆ ಕರೆಯದೆ ಬಿಟ್ಟವರ ವಿಷಯದಲ್ಲಿ ನಷ್ಟದ ಲೆಕ್ಕ ಸಾವಿನ ದಿನದಿಂದ ಆರಂಭವಾಗುವುದು ನ್ಯಾಯವಾಗಿ ಕಾಣುವುದಿಲ್ಲ.

ಕವಿತೆಗಳನ್ನು ಹಗುರ ವಾದ್ಯಮೇಳದೊಡನೆ ಹಾಡುವ ಸುಗಮ ಸಂಗೀತದಲ್ಲಿ ಮಾತ್ರ ರಾಗ ಕೂಡಿಸಿದವರ ಹೆಸರು ಸ್ವಲ್ಪ ಗಟ್ಟಿಯಾಗಿ ನಿಂತಿದೆ. ಕುವೆಂಪು ಅವರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೋ ಅಶ್ವತ್ಥ್ ಅವರ ಧಾಟಿಯಲ್ಲೋ ಎಂಬ ಜಗ್ಗಾಟ ಇಬ್ಬರೂ ಇಲ್ಲವಾದ ಮೇಲೂ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು 2 ನಿಮಿಷ 30 ಸೆಕೆಂಡುಗಳ ಅವಧಿಗೆ ಗೊತ್ತುಪಡಿಸಿತು. 1995ರಲ್ಲೇ ತೀರಿಕೊಂಡ ಸಂಗೀತಗಾರನ ನೆನಪು ಗಡಿಯಾರ ಹಿಡಿದ ಆದೇಶವಾಗಿ ಶಾಲೆಯ ಪ್ರಾರ್ಥನೆಯ ಸಾಲಿಗೆ ಬಂದು ನಿಂತದ್ದು ಹೀಗೆ.

ಕಾಯ್ದೆಯ ಲೆಕ್ಕ ಬೇರೆಯದೇ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಸಾಹಿತ್ಯ ಮತ್ತು ಸಂಗೀತದ ಹಕ್ಕಾದರೋ ರಚಿಸಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. 1993ರಲ್ಲಿ ನಿಧನರಾದ ಗೀತರಚನಕಾರ ಚಿ. ಉದಯಶಂಕರ್ ಅವರ ಸಾಲುಗಳು 2053ರ ಕೊನೆಯವರೆಗೂ ಒಡೆತನದಲ್ಲಿರುತ್ತವೆ, ಆದರೆ ಅವರದೇ 1960ರ ದಶಕದ ಹಾಡುಗಳ ಮುದ್ರಿಕೆಗಳು ಒಂದೊಂದಾಗಿ ಸಾರ್ವಜನಿಕರ ಸ್ವತ್ತಾಗುತ್ತಿವೆ. ಕವಿಯ ಸಾವನ್ನು ಎಣಿಸುವ ಕಾನೂನು ಧ್ವನಿಮುದ್ರಿಕೆಯ ಮಟ್ಟಿಗೆ ಗಾಯಕನ ಸಾವನ್ನು ಗಮನಿಸುವುದೇ ಇಲ್ಲ.

ಗಮನಿಸುವವರು ಗಣೇಶೋತ್ಸವದ ಚಪ್ಪರಗಳಲ್ಲಿದ್ದಾರೆ. ಚಿತ್ರಗೀತೆಗಳನ್ನು ಸ್ಥಳೀಯ ವಾದ್ಯಗೋಷ್ಠಿ ಹಾಡಿ ರಂಜಿಸುವ ರಾತ್ರಿಯ ಕಾರ್ಯಕ್ರಮಕ್ಕೆ ಕರ್ನಾಟಕದಲ್ಲಿ ರಸಮಂಜರಿ ಎನ್ನುತ್ತಾರೆ. ಅಲ್ಲಿ ಹಳೆಯ ಹಾಡುಗಳ ಪಾಳಿ ಬರುವುದು ಮಕ್ಕಳು ನಿದ್ದೆಹೋದ ಮೇಲೆ. ಹಗಲು ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿದು ಬಂದ ಗಾಯಕ ‘ಬಂಗಾರದ ಮನುಷ್ಯ’ದ ಹಾಡೊಂದನ್ನು ಎತ್ತಿಕೊಳ್ಳುವಾಗ, ಅದನ್ನು ಸ್ವರಲಿಪಿಯಿಂದಲ್ಲ, ಮುದ್ರಿಕೆಯನ್ನು ನೂರಾರು ಸಲ ಕೇಳಿ ಕಲಿತಿರುತ್ತಾನೆ; ಆದ್ದರಿಂದ ಸ್ವರಗಳ ಜೊತೆಗೆ ಬರಬೇಕಿಲ್ಲದ್ದೂ ಬಂದಿರುತ್ತದೆ. ಎರಡನೆಯ ಚರಣಕ್ಕೆ ಮುಂಚೆ ಶ್ರೀನಿವಾಸ್ ಎಲ್ಲಿ ಉಸಿರು ಎಳೆದುಕೊಂಡಿದ್ದರೋ ಅಲ್ಲೇ ಅವನೂ ಮೈಕಿನಿಂದ ಮುಖವನ್ನು ಒಂದಿಷ್ಟು ಆಚೆ ಸರಿಸಿ ಉಸಿರು ಎಳೆದುಕೊಳ್ಳುತ್ತಾನೆ, ಆ ಎಳೆತದ ಸಣ್ಣ ಸದ್ದು ಧ್ವನಿವರ್ಧಕದಲ್ಲಿ ಕೇಳಿಸುತ್ತದೆ, ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಅದಕ್ಕೆ ತಲೆದೂಗುತ್ತಾರೆ.