ಪಾಯಿಂಟ್ ಬಿಡುವ ಗಳಿಗೆ

ಸ್ವಿಚ್ ಆಫ್ ಇದೆ, ಗಾಡಿ ನ್ಯೂಟ್ರಲ್‌ನಲ್ಲಿದೆ. ಅಂಬಾಸಿಡರ್‌ನ ಬಾನೆಟ್ ಎತ್ತಿ ನಿಂತಿದ್ದೀರಿ. ಎದುರಿಗೆ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್. ಡಿಸ್ಟ್ರಿಬ್ಯೂಟರ್‌ನ ಎರಡೂ ಕ್ಲಿಪ್ ಬಿಚ್ಚಿ ಕ್ಯಾಪ್ ಸರಿಸುತ್ತೀರಿ, ರೋಟರ್ ಕೀಳುತ್ತೀರಿ. ನಡುವೆ ನಾಲ್ಕು ಮೂಲೆಯ ಕ್ಯಾಮ್, ಅದಕ್ಕೆ ಒರಗಿ ಪಾಯಿಂಟ್. ಮುಖ ಸುಟ್ಟು ಕರ್ರಗಾಗಿದೆ.

ಬ್ಯಾಟರಿಯ ಕರೆಂಟು ಇಗ್ನಿಷನ್ ಸ್ವಿಚ್ಚಿನಿಂದ ಬಿಳಿ ವೈರಿನಲ್ಲಿ ಕಾಯಿಲ್‌ಗೆ, ಅಲ್ಲಿಂದ ಕಪ್ಪು ಗೆರೆಯ ಬಿಳಿ ವೈರಿನಲ್ಲಿ ಇಲ್ಲಿಗೆ ಬಂದು, ಕೂಡಿದ ಪಾಯಿಂಟ್ ದಾಟಿ ಬಾಡಿಗೆ ಅರ್ತ್ ಆಗುತ್ತದೆ. ಅಷ್ಟು ಹೊತ್ತೂ ಕಾಯಿಲ್ ಶಕ್ತಿ ತುಂಬಿಕೊಳ್ಳುತ್ತಿರುತ್ತದೆ. ಕ್ಯಾಮ್‌ನ ಮೂಲೆ ಪಾಯಿಂಟನ್ನು ತಳ್ಳಿ ಬಿಡಿಸಿದೊಡನೆ ಕರೆಂಟು ಕಡಿದು, ಒಳಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್‌ಗೆ ಹಾರುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುವಾಗ ಇದು ಸೆಕೆಂಡಿಗೆ 100 ಸಲ ನಡೆಯುತ್ತದೆ. ಪಾಯಿಂಟಿಗೆ ಜೋಡಿಸಿದ ಕಂಡೆನ್ಸರ್ ಇಲ್ಲದಿದ್ದರೆ ಪಾಯಿಂಟ್ ಬಿಟ್ಟರೂ ಕರೆಂಟು ಅಲ್ಲೇ ಕಿಡಿಯಾಗಿ ದಾಟಿ ಮುಖವನ್ನು ಸುಡುತ್ತದೆ, ಪ್ಲಗ್‌ನ ಕಿಡಿ ಸೊರಗುತ್ತದೆ. ಆದ್ದರಿಂದ ಪಾಯಿಂಟ್ ಇಷ್ಟು ಸುಟ್ಟಿದ್ದರೆ ಕಂಡೆನ್ಸರನ್ನೂ ಬದಲಿಸಲೇಬೇಕು.

ಹೊಸ ಪಾಯಿಂಟ್ ಕೂರಿಸಿ. ಇಲ್ಲಿ ಕೈ ನಿಧಾನವಾಗಲಿ. ಕಾಯಿಲ್‌ನಿಂದ ಬಂದ ವೈರು, ಕಂಡೆನ್ಸರ್ ವೈರು, ಪಾಯಿಂಟಿನ ಸ್ಪ್ರಿಂಗ್ ಮೂರೂ ಒಂದನ್ನೊಂದು ಮುಟ್ಟಬೇಕು. ನಡುವಿನ ಕಬ್ಬಿಣದ ಕಂಬವನ್ನು ಮಾತ್ರ ಮುಟ್ಟಕೂಡದು. ಅದಕ್ಕೇ ಆ ಪುಟ್ಟ ಬುಷ್. ಅದು ತಪ್ಪಿ ಕೂತರೆ ಕಾಯಿಲ್ ಸದಾ ಅರ್ತ್ ಆಗಿಯೇ ಇರುತ್ತದೆ, ಹ್ಯಾಂಡಲ್ ಎಷ್ಟು ತಿರುಗಿಸಿದರೂ ಕಿಡಿ ಬರುವುದಿಲ್ಲ. ಪೆಟ್ರೋಲ್ ಬರುತ್ತಿಲ್ಲವೆಂದು ಕಾರ್ಬುರೇಟರ್ ಬಿಚ್ಚುವವರು ಮೊದಲು ಈ ಬುಷ್ ನೋಡಬೇಕು.

ಹ್ಯಾಂಡಲ್ ಹಾಕಿ ಕ್ಯಾಮ್‌ನ ಮೂಲೆಯನ್ನು ಪಾಯಿಂಟಿನ ಹಿಮ್ಮಡಿಗೆ ತನ್ನಿ. ಫೀಲರ್ ಗೇಜಿನ 15 ಥೌ ಎಲೆ, ಅಂದರೆ ಸುಮಾರು 0.38 ಮಿ.ಮೀ., ಬಿಟ್ಟ ಪಾಯಿಂಟಿನ ಎರಡು ಮುಖಗಳ ನಡುವೆ ಸ್ವಲ್ಪ ಬಿಗಿಯಾಗಿ ಜಾರಬೇಕು. ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ: ಗ್ಯಾಪ್ ಕದಲಿದರೆ ಟೈಮಿಂಗ್ ತಾನೇ ಕದಲುತ್ತದೆ.

ಒಂದನೇ ಸಿಲಿಂಡರಿನ ಕಂಪ್ರೆಷನ್‌ನಲ್ಲಿ ಪುಲ್ಲಿಯ ಗುರುತು ಹೊಂದಿಸಿ. 12 ವೋಲ್ಟ್ ಬಲ್ಬಿನ ಒಂದು ತುದಿ ಕಾಯಿಲ್‌ನಲ್ಲಿ ಪಾಯಿಂಟಿಗೆ ಹೋಗುವ ಟರ್ಮಿನಲ್‌ಗೆ, ಇನ್ನೊಂದು ಅರ್ತ್‌ಗೆ. ಸ್ವಿಚ್ ಆನ್. ಡಿಸ್ಟ್ರಿಬ್ಯೂಟರನ್ನು ರೋಟರ್ ಸುತ್ತುವ ದಿಕ್ಕಿಗೆ ತಿರುಗಿಸಿ ಬಲ್ಬ್ ಆರಿಸಿ. ಈಗ ಎದುರು ದಿಕ್ಕಿಗೆ ಕೂದಲೆಳೆಯಷ್ಟು, ಇನ್ನಷ್ಟು... ಹೊತ್ತಿತು! ಪಾಯಿಂಟ್ ಬಿಟ್ಟದ್ದು ಅಲ್ಲಿಯೇ. ಕ್ಲ್ಯಾಂಪ್ ಬಿಗಿ ಮಾಡಿ, ಹ್ಯಾಂಡಲ್ ಪೂರ್ತಿ ಎರಡು ಸುತ್ತು ಹಾಕಿ ಮತ್ತೆ ನೋಡಿ. ಬಿಗಿಯುವಾಗಲೇ ಅದು ಜರುಗುವುದುಂಟು.